ಲಾರಿಯ ಕಾರ್ಬನ್ ಲೆಕ್ಕ ಕಸ್ಟಮರ್‌ಗೆ ಹೇಗೆ ಕೊಡೋದು? ಎಕ್ಸೆಲ್, ಪೋರ್ಟಲ್, ಕ್ಯಾಲ್ಕುಲೇಟರ್, ಎಪಿಐ: ಪುಣೆ-ಮುಂಬೈ ಟ್ರಾನ್ಸ್‌ಪೋರ್ಟಿನವರಿಗೆ ಒಂದು ಹೋಲಿಕೆ

ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಾಗಲಿ, ಕಳಂಬೋಲಿಯಲ್ಲಾಗಲಿ, ಗಾಡಿ ಇಟ್ಟುಕೊಂಡ ನಮ್ಮ ಕನ್ನಡದವರು ಈಗ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಕಸ್ಟಮರ್ ಕಂಪನಿಯಿಂದ ಮೇಲ್ ಬಂದಿದೆ. ನಿಮ್ಮ ಗಾಡಿಗಳ ಕಾರ್ಬನ್ ಡೇಟಾ ಕೊಡಿ ಅಂತ. ಒಬ್ಬರು ಎಕ್ಸೆಲ್ ಫಾರ್ಮ್ಯಾಟ್ ಕಳಿಸಿದ್ದಾರೆ. ಇನ್ನೊಬ್ಬರು ನಮ್ಮ ಪೋರ್ಟಲ್‌ಗೆ ಲಾಗಿನ್ ಆಗಿ ತುಂಬಿ ಅಂದಿದ್ದಾರೆ. ಮೂರನೆಯವರು ನಿಮ್ಮಲ್ಲಿ ಎಪಿಐ, ಅಂದರೆ ನಿಮ್ಮ ಸಾಫ್ಟ್‌ವೇರ್‌ನಿಂದ ನಮ್ಮದಕ್ಕೆ ಡೇಟಾ ನೇರ ಬರುವ ದಾರಿ, ಇದೆಯಾ ಎಂದು ಕೇಳಿದ್ದಾರೆ. ಯಾವುದನ್ನು ಹಿಡಿಯಬೇಕು, ಯಾವುದಕ್ಕೆ ದುಡ್ಡು ಹಾಕಬೇಕು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಳಿಸುವ ದಾರಿ ಯಾವುದಾದರೂ ಇರಲಿ, ಅಂಕಿ ನಿಮ್ಮದಾಗಿರಬೇಕು. ನಿಮ್ಮದೇ ಡೀಸೆಲ್ ಲೆಕ್ಕದಿಂದ, ಸಾಗಣೆಯ ಕಾರ್ಬನ್ ಅಳೆಯುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 14083 ಹೇಳಿದ ರೀತಿಯಲ್ಲಿ, ಗಾಡಿಗಳ ಒಂದೊಂದು ಗುಂಪಿಗೆ ತೆಗೆದ ಅಂಕಿ ಅದು. ಅದು ಕೈಯಲ್ಲಿದ್ದರೆ ಎಕ್ಸೆಲ್ ಕೂಡ ಸಾಕು. ಇಲ್ಲದಿದ್ದರೆ ಎಪಿಐ ಹಾಕಿಸಿಕೊಂಡರೂ ಸುಮ್ನೆ ಖರ್ಚು.

ಇದು ಯಾಕೆ ಈಗ ಬಂತು?

ಸೆಬಿ 2022-23ರಿಂದ ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಬಿಆರ್‌ಎಸ್‌ಆರ್ ಎಂಬ ವರದಿಯನ್ನು ಕಡ್ಡಾಯ ಮಾಡಿದೆ. ಪರಿಸರ, ಕೆಲಸಗಾರರು, ಆಡಳಿತ ಎಲ್ಲದರ ಲೆಕ್ಕವನ್ನು ಅದರಲ್ಲಿ ಬರೆಯಬೇಕು. ಸ್ವಂತ ಕಾರ್ಖಾನೆಯ ಹೊಗೆ ಮತ್ತು ಕರೆಂಟಿನ ಲೆಕ್ಕ ಅದರಲ್ಲಿ ಬರುತ್ತದೆ. ಹೊರಗಿನವರ ಗಾಡಿಯಲ್ಲಿ ಮಾಲು ಹೋದರೆ ಅದು ಸ್ಕೋಪ್ 3, ಅದನ್ನು ಕೊಡುವುದು ಸದ್ಯ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು. ಆದರೂ ದೊಡ್ಡ ಕಂಪನಿಗಳು ಕೇಳುತ್ತಿವೆ. ಪುಣೆ ಹತ್ತಿರದ ಚಾಕಣ ಮತ್ತು ರಂಜನಗಾವ್ ಕಡೆಯ ಬಹಳಷ್ಟು ಕಾರ್ಖಾನೆಗಳ ಮೂಲ ಕಂಪನಿ ಯುರೋಪಿನಲ್ಲೋ ಜಪಾನಿನಲ್ಲೋ ಇದೆ. ಅಲ್ಲಿಂದ ಪ್ರಶ್ನೆ ಇಲ್ಲಿಗೆ ಇಳಿಯುತ್ತದೆ, ಇಲ್ಲಿಂದ ನಿಮಗೆ. ಯುರೋಪಿಯನ್ ಕಮಿಷನ್ 2023ರ ಜುಲೈನಲ್ಲಿ ಕೌಂಟ್‌ಎಮಿಷನ್ಸ್ ಇಯು ಎಂಬ ನಿಯಮದ ಪ್ರಸ್ತಾವ ಇಟ್ಟಿತು. ಎಲ್ಲರೂ ಲೆಕ್ಕ ಹಾಕಲೇಬೇಕು ಎಂದು ಅದು ಹೇಳುವುದಿಲ್ಲ. ಆದರೆ ಸಾಗಣೆಯ ಕಾರ್ಬನ್ ಅಂಕಿಯನ್ನು ಯಾರಾದರೂ ಹೊರಗೆ ಹೇಳುವುದಾದರೆ ಐಎಸ್‌ಒ 14083ರ ರೀತಿಯಲ್ಲೇ ಹೇಳಬೇಕು ಎನ್ನುತ್ತದೆ.

ಕೆಲವರು ಇದನ್ನು ಸಿಬಿಎಎಂ ಎಂಬ ಯುರೋಪಿನ ಗಡಿ ಕಾರ್ಬನ್ ಸುಂಕದ ಜೊತೆ ಬೆರೆಸಿಬಿಡುತ್ತಾರೆ. ಅದು ಬೇರೆ. ಅದು ಯುರೋಪಿಗೆ ಹೋಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರದಂಥ ಮಾಲನ್ನು ತಯಾರಿಸುವಾಗ ಆಗುವ ಹೊರಸೂಸುವಿಕೆಯ ಲೆಕ್ಕ. ಕಳಂಬೋಲಿಯ ಸ್ಟೀಲ್ ಮಾರ್ಕೆಟ್ಟಿಗೆ ಗಾಡಿ ಓಡಿಸುವವರಿಗೆ ಈ ಗೊಂದಲ ಜಾಸ್ತಿ. ನಿಮ್ಮನ್ನು ಕೇಳುತ್ತಿರುವುದು ಗಾಡಿಯ ಲೆಕ್ಕ, ಉಕ್ಕಿನ ಲೆಕ್ಕ ಅಲ್ಲ.

ಮೊದಲು ಅಂಕಿ, ಆಮೇಲೆ ದಾರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜಗಳವೆಲ್ಲ ಇರುವುದು ಇಲ್ಲೇ.

ಐಎಸ್‌ಒ 14083 ಬಂದದ್ದು 2023ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲು ಯುರೋಪಿನಲ್ಲಿ ಇಎನ್ 16258 ಎಂಬ ಮಾನದಂಡ ಇತ್ತು. ಆಮ್‌ಸ್ಟರ್‌ಡಾಮಿನ ಸ್ಮಾರ್ಟ್ ಫ್ರೈಟ್ ಸೆಂಟರ್ ಎಂಬ ಸಂಸ್ಥೆ ಗ್ಲೆಕ್ ಫ್ರೇಮ್‌ವರ್ಕ್ ಎಂಬ ಕೈಪಿಡಿಯನ್ನು ನಡೆಸಿಕೊಂಡು ಬರುತ್ತಿತ್ತು. ಅದರ ಮೂರನೇ ಆವೃತ್ತಿ 2023ರಲ್ಲಿ ಐಎಸ್‌ಒಗೆ ಹೊಂದುವಂತೆ ಬಂತು. ಐಎಸ್‌ಒ ದಾಖಲೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಗ್ಲೆಕ್ ಉಚಿತವಾಗಿ ಸಿಗುತ್ತದೆ. ನಮ್ಮಂಥವರಿಗೆ ಗ್ಲೆಕ್ ಓದಿದರೆ ಸಾಕು, ಉದಾಹರಣೆಗಳೂ ಅದರಲ್ಲಿ ಚೆನ್ನಾಗಿವೆ.

ಎರಡರ ತಿರುಳೂ ಒಂದೇ. ಒಂದು ಟನ್ ಮಾಲು ಒಂದು ಕಿಲೋಮೀಟರ್ ಹೋಗಲು ಎಷ್ಟು ಗ್ರಾಂ ಕಾರ್ಬನ್ ಬಿತ್ತು ಎಂದು ಕಂಡುಹಿಡಿಯಬೇಕು. ಉದಾಹರಣೆಗೆ, ನಿಮ್ಮ ಒಂದು ಮಲ್ಟಿ ಆಕ್ಸೆಲ್ ಗಾಡಿ ತಿಂಗಳಲ್ಲಿ 8000 ಕಿಮೀ ಓಡಿತು ಎಂದುಕೊಳ್ಳಿ. ಆವರೇಜ್ ಲೀಟರಿಗೆ 4 ಕಿಮೀ. ಅಂದರೆ 2000 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಇಂಜಿನ್ನಿನಲ್ಲಿ ಉರಿದಾಗ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಎಣ್ಣೆಬಾವಿಯಿಂದ ರಿಫೈನರಿ, ಅಲ್ಲಿಂದ ಪಂಪ್ ತನಕದ ಪಾಲನ್ನೂ ಸೇರಿಸಿದರೆ ಅದು 3 ಕೆಜಿ ದಾಟುತ್ತದೆ. ಇಲ್ಲಿ 3.2 ಎಂದು ಹಿಡಿಯೋಣ. ಆಗ ತಿಂಗಳಿಗೆ 6400 ಕೆಜಿ.

ಈಗ ಮಾಲಿನ ಕಡೆ. 8000 ಕಿಮೀಯಲ್ಲಿ ಲೋಡ್ ಇದ್ದದ್ದು 5000 ಕಿಮೀ, 16 ಟನ್ ಮಾಲು. ಉಳಿದ 3000 ಕಿಮೀ ಖಾಲಿ. 5000ವನ್ನು 16ರಿಂದ ಗುಣಿಸಿದರೆ 80,000 ಟನ್-ಕಿಮೀ. 6400 ಕೆಜಿಯನ್ನು ಇದರಿಂದ ಭಾಗಿಸಿದರೆ ಟನ್-ಕಿಮೀಗೆ 80 ಗ್ರಾಂ.

ಇದೇ ಗಾಡಿಗೆ ಇನ್ನೊಬ್ಬರು 50 ಗ್ರಾಂ ಎಂದು ಬರೆದುಕೊಡಬಹುದು. ಹೇಗೆ? ಖಾಲಿ ಬಂದ 3000 ಕಿಮೀಯನ್ನು ಬಿಟ್ಟುಬಿಟ್ಟರೆ ಆಯಿತು. ಎರಡಕ್ಕೂ ಒಂದೇ ಆವರೇಜ್ ಹಿಡಿದರೆ ಲೋಡ್ ಓಟಕ್ಕೆ 1250 ಲೀಟರ್, 4000 ಕೆಜಿ, ಆಗ 50 ಗ್ರಾಂ. ಬಾವಿಯಿಂದ ಪಂಪ್ ತನಕದ ಪಾಲನ್ನೂ ಬಿಟ್ಟರೆ ಇನ್ನೂ ಕಡಿಮೆ. ಗಾಡಿ ಅದೇ, ಡ್ರೈವರ್ ಅದೇ, ಡೀಸೆಲ್ ಅದೇ. ಕಾಗದದ ಮೇಲೆ ಮಾತ್ರ ಇವರು ನಿಮಗಿಂತ ಶುದ್ಧ. ನ್ಯಾಯವಾಗಿ ಲೆಕ್ಕ ಕೊಟ್ಟವರು ಸೋಲಬಾರದಲ್ವಾ? ಎಲ್ಲರಿಗೂ ಒಂದೇ ಅಳತೆ ಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಐಎಸ್‌ಒ 14083ರಲ್ಲಿ ಖಾಲಿ ಓಟ ಸೇರಲೇಬೇಕು, ಬಾವಿಯಿಂದ ಚಕ್ರದ ತನಕದ ಪೂರ್ತಿ ಲೆಕ್ಕವೂ ಸೇರಲೇಬೇಕು.

ಇನ್ನೊಂದು ಸೂಕ್ಷ್ಮ ಇದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಮೇಲಿನ ಲೆಕ್ಕದಲ್ಲಿ ಸುತ್ತುದಾರಿ ಇಲ್ಲ ಎಂದುಕೊಂಡಿದ್ದೆ. ನಿಜದಲ್ಲಿ ಘಾಟಿನಲ್ಲಿ ಜಾಮ್ ಆಗಿ ಗಾಡಿ ಸುತ್ತಿಕೊಂಡು ಬರುತ್ತದೆ. ಡೀಸೆಲ್ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಆದರೆ ಟನ್-ಕಿಮೀ ತೆಗೆಯುವಾಗ ಮೀಟರಿನ ಕಿಮೀ ಹಿಡಿಯುವ ಹಾಗಿಲ್ಲ. ಆ ಎರಡು ಊರುಗಳ ನಡುವೆ ಆ ಗಾಡಿ ಹೋಗಬಹುದಾದ ಅತಿ ಹತ್ತಿರದ ದಾರಿಯ ದೂರವನ್ನು ಹಿಡಿಯಬೇಕು, ಇಲ್ಲವೇ ನೇರ ಗೆರೆ ಎಳೆದ ದೂರವನ್ನು. ರಸ್ತೆಗೆ ಮೊದಲನೆಯದೇ ಸರಿ. ಸುತ್ತಿದ್ದಕ್ಕೆ ಕಸ್ಟಮರ್‌ನ ಮಾಲು ಜಾಸ್ತಿ ದೂರ ಹೋದ ಹಾಗೆ ಆಗುವುದಿಲ್ಲ ಎಂಬುದು ಇದರ ನ್ಯಾಯ. ನಿಮ್ಮ ಹತ್ತಿರ ಮೀಟರ್ ಕಿಮೀ ಮಾತ್ರ ಇದ್ದರೆ, ಗ್ಲೆಕ್ ಪ್ರಕಾರ ರಸ್ತೆಗೆ ಶೇ 5ರ ಹೊಂದಾಣಿಕೆ ಮಾಡಿಕೊಳ್ಳಬಹುದು.

ಈ 80 ಗ್ರಾಂ ಎಂಬ ಅಂಕಿಯನ್ನು ಒಂದು ಟ್ರಿಪ್ಪಿಗಲ್ಲ, ಒಂದೇ ಥರದ ಕೆಲಸ ಮಾಡುವ ಗಾಡಿಗಳ ಗುಂಪಿಗೆ ತೆಗೆಯುತ್ತಾರೆ. ಈ ಗುಂಪಿಗೆ ಟಿಒಸಿ ಎಂದು ಹೆಸರು. ಉದಾಹರಣೆಗೆ, ಚಾಕಣದಿಂದ ನ್ಹಾವಾ ಶೇವಾ ಬಂದರಿಗೆ ಕಂಟೇನರ್ ಎಳೆಯುವ ಟ್ರೇಲರ್‌ಗಳು ಒಂದು ಗುಂಪು. ಪುಣೆಯಿಂದ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಮೇಲೆ ಬೆಂಗಳೂರಿಗೆ ಓಡುವ ದೊಡ್ಡ ಗಾಡಿಗಳು ಇನ್ನೊಂದು. ಊರೊಳಗೆ ಸಿಎನ್‌ಜಿಯಲ್ಲಿ ಓಡುವ ಚಿಕ್ಕ ಟೆಂಪೋಗಳು ಮತ್ತೊಂದು. ಗೋವಾದ ವೆರ್ಣಾದಿಂದ ಔಷಧಿ ತರುವ ರೀಫರ್ ಗಾಡಿ ಇದ್ದರೆ ಅದು ಬೇರೆಯೇ ಗುಂಪು. ಅದರಲ್ಲಿ ತಂಪು ಮಾಡುವ ಯಂತ್ರ ಕುಡಿಯುವ ಡೀಸೆಲ್ ಮತ್ತು ಸೋರುವ ಗ್ಯಾಸ್ ಕೂಡ ಲೆಕ್ಕಕ್ಕೆ ಸೇರುತ್ತದೆ. ಒಂದು ವರ್ಷದ ಓಟವನ್ನು ಒಟ್ಟು ಸೇರಿಸಿ ಗುಂಪಿಗೆ ಒಂದು ಅಂಕಿ ತೆಗೆದರೆ ಸಾಕು. ಹಬ್ಬದ ಹೊತ್ತಿನಲ್ಲಿ ಖಾಲಿ ವಾಪಸ್ ಬಂದದ್ದು, ಮಳೆಗಾಲದಲ್ಲಿ ಆವರೇಜ್ ಬಿದ್ದದ್ದು ಎಲ್ಲ ಅದರಲ್ಲಿ ಸಮ ಆಗುತ್ತದೆ.

ಆಮೇಲೆ ಕಸ್ಟಮರ್‌ಗೆ ಕೆಲಸ ಸುಲಭ. ಅವರ 2 ಟನ್ ಮಾಲು ಚಾಕಣದಿಂದ ಬಂದರಿಗೆ, ಸುಮಾರು 130 ಕಿಮೀ, ಹೋಯಿತು. 260 ಟನ್-ಕಿಮೀಯನ್ನು 80 ಗ್ರಾಂನಿಂದ ಗುಣಿಸಿದರೆ 20.8 ಕೆಜಿ.

ನಾಲ್ಕು ದಾರಿಗಳು

ಎಕ್ಸೆಲ್ ಮತ್ತು ಮೇಲ್. ಇದನ್ನು ಕೀಳಾಗಿ ನೋಡಬೇಡಿ. ಹತ್ತು ಗಾಡಿ ಇದ್ದವರಿಗೆ, ಒಂದಿಬ್ಬರು ಕಸ್ಟಮರ್ ಕೇಳುತ್ತಿರುವಾಗ ಇದೇ ಸರಿ. ತೊಂದರೆ ಬರುವುದು ಕಸ್ಟಮರ್‌ಗೊಂದು ಫಾರ್ಮ್ಯಾಟ್ ಆದಾಗ. ಒಬ್ಬರು ಗ್ರಾಂನಲ್ಲಿ ಕೇಳುತ್ತಾರೆ, ಇನ್ನೊಬ್ಬರು ಕೆಜಿಯಲ್ಲಿ. ಒಬ್ಬರ ಕಾಲಂನಲ್ಲಿ ಬರೀ ಕಾರ್ಬನ್ ಡೈಆಕ್ಸೈಡ್, ಇನ್ನೊಬ್ಬರಲ್ಲಿ ಮೀಥೇನ್ ಮುಂತಾದ ಎಲ್ಲ ಅನಿಲ ಸೇರಿಸಿದ ಸಿಒ2ಇ. ಖಾಲಿ ಓಟ ಸೇರಿದೆಯೋ ಇಲ್ಲವೋ ಎಂದು ಕೇಳುವ ಕಾಲಂ ಬಹಳಷ್ಟು ಶೀಟುಗಳಲ್ಲಿ ಇರುವುದೇ ಇಲ್ಲ. ಅದಕ್ಕೆ ನನ್ನ ಸಲಹೆ, ಅವರ ಶೀಟ್ ತುಂಬಿ, ಜೊತೆಗೆ ನಿಮ್ಮದೇ ಒಂದು ಶೀಟ್ ಕೂಡ ಲಗತ್ತಿಸಿ. ಅದರಲ್ಲಿ ಏನಿರಬೇಕು ಎಂದು ಕೆಳಗೆ ಹೇಳುತ್ತೇನೆ.

ಕಸ್ಟಮರ್‌ನ ಪೋರ್ಟಲ್. ಇದರಲ್ಲಿ ನೀವು ಟ್ರಿಪ್ ವಿವರ, ಗಾಡಿ ನಂಬರ್, ಕೆಲವು ಕಡೆ ಡೀಸೆಲ್ ಲೀಟರ್ ಕೂಡ ತುಂಬುತ್ತೀರಿ. ಲೆಕ್ಕ ಅವರದು. ಅವರಿಗೆ ಇದು ತುಂಬ ಅನುಕೂಲ. ನಿಮಗೆ ದಿನಕ್ಕೊಂದು ಹೆಚ್ಚುವರಿ ಕೆಲಸ. ಆಫೀಸಿನ ಹುಡುಗ ಎಲ್‌ಆರ್ (ಲಾರಿ ರಸೀದಿ) ಒಮ್ಮೆ ಬರೆಯುತ್ತಾನೆ, ಇ-ವೇ ಬಿಲ್ಲಿಗೆ ಒಮ್ಮೆ ತುಂಬುತ್ತಾನೆ, ಪೋರ್ಟಲ್‌ಗೆ ಮತ್ತೊಮ್ಮೆ. ಮೂರು ಕಸ್ಟಮರ್‌ಗೆ ಮೂರು ಪೋರ್ಟಲ್. ಇದಕ್ಕಿಂತ ದೊಡ್ಡ ತೊಡಕು ಅವರ ಲೆಕ್ಕದ ಒಳಗೆ ಏನಿದೆ ಎಂದು ನಿಮಗೆ ಕಾಣದಿರುವುದು. ನೀವು ಹೊಸ ಬಿಎಸ್-6 ಗಾಡಿ ತೆಗೆದುಕೊಂಡಿರಬಹುದು, ಡ್ರೈವರ್‌ಗಳಿಗೆ ತರಬೇತಿ ಕೊಟ್ಟು ಆವರೇಜ್ ಏರಿಸಿರಬಹುದು. ಪೋರ್ಟಲ್ ಬರೀ ಗಾಡಿಯ ಟನ್ನೇಜ್ ನೋಡಿ ಸರಾಸರಿ ಅಂಕಿ ಹಾಕಿದರೆ ನಿಮ್ಮ ಶ್ರಮ ಅಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಪೋರ್ಟಲ್‌ನವರನ್ನು ಒಂದು ಪ್ರಶ್ನೆ ಕೇಳಿ: ನಮ್ಮ ಗುಂಪಿನ ಅಂಕಿಯನ್ನು ನೇರವಾಗಿ ಹಾಕಲು ಜಾಗ ಇದೆಯಾ? ಇದ್ದರೆ ಪೋರ್ಟಲ್ ಒಪ್ಪಿಕೊಳ್ಳಬಹುದು.

ಕ್ಯಾಲ್ಕುಲೇಟರ್. ಇಕೋಟ್ರಾನ್ಸ್‌ಐಟಿಯಂಥ ಸಾಧನಗಳಿಗೆ ಎಲ್ಲಿಂದ ಎಲ್ಲಿಗೆ, ಎಷ್ಟು ತೂಕ, ಯಾವ ಗಾಡಿ ಎಂದು ಹೇಳಿದರೆ ಅವೇ ಲೆಕ್ಕ ಹಾಕಿಕೊಡುತ್ತವೆ. ಬೆಂಗಳೂರಿನ ಐಐಎಂ ಕೂಡ ನಮ್ಮ ದೇಶದ ಸರಕು ಸಾಗಣೆಗೆ ಇಂಥ ಟೂಲ್ ಮಾಡಿದೆ. ಸ್ಮಾರ್ಟ್ ಫ್ರೈಟ್ ಸೆಂಟರ್ ಕ್ಯಾಲ್ಕುಲೇಟರ್‌ಗಳನ್ನು ಪರೀಕ್ಷಿಸಿ ಗ್ಲೆಕ್ ಮಾನ್ಯತೆ ಕೊಡುತ್ತದೆ. ಯಾವುದನ್ನಾದರೂ ದುಡ್ಡು ಕೊಟ್ಟು ಕೊಳ್ಳುವ ಮೊದಲು ಆ ಮಾನ್ಯತೆ ಇದೆಯಾ ನೋಡಿ. ಆದರೆ ಇವು ಕೊಡುವುದು ಅಂದಾಜು. ಐಎಸ್‌ಒ ಡೇಟಾವನ್ನು ಮೂರು ದರ್ಜೆ ಮಾಡುತ್ತದೆ: ನಿಜವಾಗಿ ಅಳೆದದ್ದು, ಮಾದರಿಯಿಂದ ತೆಗೆದದ್ದು, ಸಿದ್ಧ ಸರಾಸರಿ. ಕ್ಯಾಲ್ಕುಲೇಟರ್ ಎರಡನೆಯದು. ರೈಲಿನಲ್ಲಿ ಕಳಿಸಿದರೆ ಎಷ್ಟು ಕಡಿಮೆ ಆಗುತ್ತದೆ, ದಿಲ್ಲಿ ಕಡೆಗೆ ಗಾಡಿ ಬೇಕೋ ಕಂಟೇನರ್ ರೈಲು ಸಾಕೋ ಎಂದು ಯೋಚಿಸಲು ಇದು ತುಂಬ ಒಳ್ಳೆಯದು. ನಿಮ್ಮ ಸ್ವಂತ ಗಾಡಿಯ ವರದಿಗೆ ಇದನ್ನು ಹಾಕಬೇಡಿ. ಡೀಸೆಲ್ ಸ್ಲಿಪ್ ಕೈಯಲ್ಲಿದ್ದಾಗ ಅಂದಾಜು ಯಾಕೆ?

ಎಪಿಐ. ನಿಮ್ಮ ಸಾಫ್ಟ್‌ವೇರ್ ಅವರ ಸಾಫ್ಟ್‌ವೇರ್ ಜೊತೆ ನೇರ ಮಾತಾಡುವುದು. ಇಲ್ಲಿ ನಿಜವಾದ ಒಂದೇ ಅಚ್ಚು ಈಗ ರೂಪುಗೊಳ್ಳುತ್ತಿದೆ. ಪಾರ್ಟ್‌ನರ್‌ಶಿಪ್ ಫಾರ್ ಕಾರ್ಬನ್ ಟ್ರಾನ್ಸ್‌ಪರೆನ್ಸಿ, ಅಂದರೆ ಪ್ಯಾಕ್ಟ್ ಎಂಬುದು ಒಂದು ವಸ್ತುವಿನ ಕಾರ್ಬನ್ ಅಂಕಿಯನ್ನು ಕಂಪನಿಯಿಂದ ಕಂಪನಿಗೆ ಕಳಿಸುವ ತಾಂತ್ರಿಕ ನಿಯಮ ಮಾಡಿದೆ. ಇದು ಡಬ್ಲ್ಯುಬಿಸಿಎಸ್‌ಡಿ ಎಂಬ ಕಂಪನಿಗಳ ಒಕ್ಕೂಟದ ಕೆಲಸ. ಅದರ ಮೇಲೆ ಸಾಗಣೆಗೆಂದೇ ಐಲೀಪ್ ಎಂಬ ನಿಯಮವನ್ನು ಸ್ಮಾರ್ಟ್ ಫ್ರೈಟ್ ಸೆಂಟರ್ ಮತ್ತು ಬರ್ಲಿನ್‌ನ ಸೈನ್ ಫೌಂಡೇಶನ್ ಸೇರಿ ಕಟ್ಟಿವೆ. ಎರಡೂ ಎಲ್ಲರಿಗೂ ತೆರೆದಿವೆ, ಯಾರು ಬೇಕಾದರೂ ಓದಿ ಬಳಸಬಹುದು.

ಐಲೀಪ್‌ನಲ್ಲಿ ನನಗೆ ಇಷ್ಟವಾಗುವುದು ಅದರ ವಿಂಗಡಣೆ. ಒಂದು, ಗುಂಪಿನ ಅಂಕಿ. ಮೇಲೆ ಹೇಳಿದ ಟಿಒಸಿ ಇದೇ. ಗೋದಾಮುಗಳಿಗೆ, ಬಂದರಿನ ಹತ್ತಿರದ ಕಂಟೇನರ್ ಕೇಂದ್ರಗಳಾದ ಸಿಎಫ್‌ಎಸ್‌ಗಳಿಗೆ ಇದೇ ಥರ ಎಚ್‌ಒಸಿ ಇದೆ. ಎರಡು, ಒಂದು ಸರಕಿನ ಪೂರ್ತಿ ಪಯಣದ ಅಂಕಿ, ಅದರೊಳಗೆ ಪ್ರತಿ ಹಂತದ್ದು ಬೇರೆ ಬೇರೆ. ಮೂರು, ಬರೀ ಓಟದ ವಿವರ: ಎಲ್ಲಿಂದ ಎಲ್ಲಿಗೆ, ಎಷ್ಟು ತೂಕ, ಯಾವ ಇಂಧನ. ಅಂಕಿ ತೆಗೆಯಲು ಬಾರದವರು ಮೂರನೆಯದನ್ನು ಕೊಡಬಹುದು, ಲೆಕ್ಕ ಬೇರೆಯವರು ಹಾಕುತ್ತಾರೆ. ಯಾರು ಎಲ್ಲಿದ್ದಾರೋ ಅಲ್ಲಿಂದಲೇ ಒಳಗೆ ಬರಬಹುದು.

ಪೋರ್ಟಲ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಡೇಟಾ ಎಲ್ಲಿರುತ್ತದೆ ಎಂಬುದು. ಪೋರ್ಟಲ್‌ನಲ್ಲಿ ಅದು ಅವರ ಮನೆಗೆ ಹೋಗಿಬಿಡುತ್ತದೆ. ಪ್ಯಾಕ್ಟ್ ರೀತಿಯಲ್ಲಿ ನಡುವೆ ದೊಡ್ಡ ಗೋದಾಮಿಲ್ಲ. ನಿಮ್ಮ ಡೇಟಾ ನಿಮ್ಮ ಸರ್ವರ್‌ನಲ್ಲೇ ಇರುತ್ತದೆ. ನೀವು ಬೀಗದ ಕೈ ಕೊಟ್ಟವರು ಮಾತ್ರ ಬಂದು, ಅವರಿಗೆ ತೋರಿಸಬೇಕಾದ್ದನ್ನು ಮಾತ್ರ ನೋಡುತ್ತಾರೆ. ಹತ್ತು ಕಸ್ಟಮರ್ ಇದ್ದರೂ ಒಂದೇ ಬಾಗಿಲು.

ಖರ್ಚು? ಅದು ನಿಮ್ಮ ಸಾಫ್ಟ್‌ವೇರ್ ಮೇಲೆ ನಿಂತಿದೆ. ಟ್ರಿಪ್, ಎಲ್‌ಆರ್, ಡೀಸೆಲ್ ಮೂರೂ ಒಂದೇ ಸಾಫ್ಟ್‌ವೇರ್‌ನಲ್ಲಿ ಇದ್ದರೆ ಅದನ್ನು ಮಾಡಿಕೊಟ್ಟವರೇ ಈ ಬಾಗಿಲನ್ನೂ ಇಡಬಹುದು. ಟ್ರಿಪ್ ಶೀಟ್ ಪುಸ್ತಕದಲ್ಲಿ, ಡೀಸೆಲ್ ಪಂಪಿನವರ ತಿಂಗಳ ಬಿಲ್ಲಿನಲ್ಲಿ, ತೂಕ ಕಾಟಾ ಚೀಟಿಯಲ್ಲಿ ಇದ್ದರೆ ಎಪಿಐ ಮಾತೇ ಬೇಡ, ಈಗ.

ಡೀಸೆಲ್ ಲೀಟರ್ ಕೊಡಬೇಕಾ?

ಇದು ಎಲ್ಲಕ್ಕಿಂತ ನಾಜೂಕಾದ ಪ್ರಶ್ನೆ. ಮಾಲೀಕರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಇರುವುದು ಇದೇ ಭಯ. ನಮ್ಮ ಗಾಡಿ ಎಷ್ಟು ಡೀಸೆಲ್ ಕುಡಿಯುತ್ತದೆ ಎಂದು ಕಸ್ಟಮರ್‌ಗೆ ಗೊತ್ತಾದರೆ ನಾಳೆ ರೇಟ್ ಮಾತಾಡುವಾಗ ಅದನ್ನೇ ಮುಂದೆ ಇಡುತ್ತಾರೆ. ನಿಮ್ಮ ಖರ್ಚು ಇಷ್ಟೇ ಅಲ್ವಾ, ಬಾಡಿಗೆ ಇಳಿಸಿ ಅಂತಾರೆ. ಲಾರಿ ಬಾಡಿಗೆಯಲ್ಲಿ ಡೀಸೆಲ್‌ನದೇ ದೊಡ್ಡ ಪಾಲು. ಆ ಭಯ ಸುಳ್ಳಲ್ಲ. ಅದನ್ನು ತಳ್ಳಿಹಾಕುವ ಯಾವ ಸಲಹೆಯೂ ನನಗೆ ಸರಿ ಕಾಣುವುದಿಲ್ಲ.

ಅದಕ್ಕೇ ಗುಂಪಿನ ಅಂಕಿ ಮುಖ್ಯ. ಅದು ನಿಜವಾಗಿ ಅಳೆದ ಡೇಟಾ, ಮೊದಲ ದರ್ಜೆಯದು. ಆದರೂ ಅದರಲ್ಲಿ ಯಾವ ಗಾಡಿ, ಯಾವ ಟ್ರಿಪ್, ಎಷ್ಟು ಲೀಟರ್ ಎಂಬುದು ಕಾಣುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಗುಂಪಿನಲ್ಲಿ ಒಬ್ಬರೇ ಕಸ್ಟಮರ್‌ನ ಒಂದೇ ರೂಟ್ ಇದ್ದರೆ, ಟನ್-ಕಿಮೀ ಅವರಿಗೆ ಗೊತ್ತೇ ಇರುತ್ತದೆ. ಹಿಂದಕ್ಕೆ ಲೆಕ್ಕ ಹಾಕಿ ಡೀಸೆಲ್ ಕಂಡುಹಿಡಿಯಬಹುದು. ಆದ್ದರಿಂದ ಒಂದೇ ಥರದ ಗಾಡಿ, ಒಂದೇ ಥರದ ಕೆಲಸ ಇರುವ ಹಲವು ಕಸ್ಟಮರ್‌ಗಳ ಓಟವನ್ನು ಒಂದು ಗುಂಪಿಗೆ ಹಾಕಿ. ನಿಯಮ ಇದನ್ನು ಒಪ್ಪುತ್ತದೆ. ಆದರೆ ರೀಫರ್ ಜೊತೆ ಸಾದಾ ಗಾಡಿಯನ್ನು, ಊರೊಳಗಿನ ಟೆಂಪೋ ಜೊತೆ ಟ್ರೇಲರನ್ನು ಬೆರೆಸಬೇಡಿ. ಆಗ ಅಂಕಿಗೆ ಅರ್ಥ ಇರುವುದಿಲ್ಲ, ಆಡಿಟರ್ ಮೊದಲು ಹಿಡಿಯುವುದೂ ಅದನ್ನೇ.

ಆಡಿಟರ್ ಬಂದರೆ ಸ್ಲಿಪ್ ತೋರಿಸಬೇಕಾಗುತ್ತದೆ, ಹೌದು. ಅದನ್ನು ತೋರಿಸುವುದು ಪರಿಶೀಲನೆಗೆ ಬಂದ ಮೂರನೆಯವರಿಗೆ. ಕಸ್ಟಮರ್‌ನ ಪರ್ಚೇಸ್ ವಿಭಾಗಕ್ಕೆ ಅಲ್ಲ. ಈ ಮಾತನ್ನು ಕರಾರಿನಲ್ಲಿ ಬರೆಸಿಕೊಳ್ಳಿ.

ಮಾರ್ಕೆಟ್ ಗಾಡಿಯ ತೊಡಕು

ಸ್ವಂತ ಗಾಡಿಯದು ಸರಿ. ಬ್ರೋಕರ್ ಮೂಲಕ ತಂದ ಮಾರ್ಕೆಟ್ ಗಾಡಿಯ ಡೀಸೆಲ್ ಯಾರಿಗೆ ಗೊತ್ತು? ಬ್ಯಾಲೆನ್ಸ್ ಪೇಮೆಂಟ್ ಕೊಡುವ ಮೊದಲು ಪಿಒಡಿ, ಅಂದರೆ ಮಾಲು ತಲುಪಿದ ರಸೀದಿ, ಕೇಳುವ ಹಾಗೆ ಡೀಸೆಲ್ ಸ್ಲಿಪ್ಪಿನ ಫೋಟೋ ಕೂಡ ಕೇಳಿದರೆ ಆಯಿತು ಎನ್ನುತ್ತಾರೆ ಕೆಲವರು. ಕೇಳಬಹುದು. ಆದರೆ ಒಂದು ಸ್ಲಿಪ್ ಎಂದರೆ ಒಂದು ಟ್ರಿಪ್ಪಿನ ಡೀಸೆಲ್ ಅಲ್ಲ. ಟ್ಯಾಂಕ್ ಫುಲ್‌ನಿಂದ ಮತ್ತೆ ಟ್ಯಾಂಕ್ ಫುಲ್ ತನಕ ನೋಡದೆ ಆವರೇಜ್ ಸಿಗುವುದಿಲ್ಲ. ಅಲ್ಲದೆ ಆ ಗಾಡಿ ನಿಮ್ಮ ಮಾಲು ಇಳಿಸಿದ ಮೇಲೆ ಯಾರ ಲೋಡ್ ಹಿಡಿಯಿತು, ಎಷ್ಟು ದೂರ ಖಾಲಿ ಹೋಯಿತು ಎಂದು ನಿಮಗೆ ತಿಳಿಯುವುದಿಲ್ಲ.

ಆದ್ದರಿಂದ ಮಾರ್ಕೆಟ್ ಗಾಡಿಗೆ ಸಿದ್ಧ ಸರಾಸರಿಯನ್ನೋ ಮಾದರಿಯನ್ನೋ ಬಳಸಿ, ಅದನ್ನು ಹಾಗೆಂದು ಬರೆಯಿರಿ. ಬೆರೆಸಿ ಮುಚ್ಚಿಡಬೇಡಿ. ವರ್ಷದಲ್ಲಿ ಶೇಕಡಾ ಎಷ್ಟು ಟನ್-ಕಿಮೀ ಸ್ವಂತ ಅಳತೆಯದು, ಎಷ್ಟು ಅಂದಾಜಿನದು ಎಂದು ಒಂದು ಸಾಲು ಹಾಕಿದರೆ ನಿಮ್ಮ ಮೇಲೆ ನಂಬಿಕೆ ಹೆಚ್ಚುತ್ತದೆ.

ಮಾದರಿ ಚೆನ್ನಾಗಿರಲು ಒಳ್ಳೆಯ ವಿವರ ಬೇಕು. ಅಲ್ಲಿ ಸರ್ಕಾರದ ಯುಲಿಪ್ ನೆರವಿಗೆ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯ ಜೊತೆ ಬಂದ ವೇದಿಕೆ ಇದು. ಗಾಡಿ ನೋಂದಣಿಯ ವಾಹನ್, ಟೋಲಿನ ಫಾಸ್ಟ್ಯಾಗ್, ರೈಲ್ವೆಯ ಸರಕು ವ್ಯವಸ್ಥೆ, ಬಂದರಿನ ವ್ಯವಸ್ಥೆ ಮುಂತಾದ ಹಲವು ಸರ್ಕಾರಿ ಡೇಟಾಗಳನ್ನು ನೋಂದಾಯಿತ ಕಂಪನಿಗಳು ಎಪಿಐ ಮೂಲಕ ಪಡೆಯಬಹುದು. ಗಾಡಿ ನಂಬರ್ ಕೊಟ್ಟರೆ ವಾಹನ್‌ನಿಂದ ಇಂಧನ ಯಾವುದು, ಒಟ್ಟು ತೂಕ ಎಷ್ಟು, ಬಿಎಸ್ ದರ್ಜೆ ಯಾವುದು ಎಂದು ಸಿಗುತ್ತದೆ. ಫಾಸ್ಟ್ಯಾಗ್‌ನಿಂದ ಯಾವ ಟೋಲ್ ಎಷ್ಟು ಹೊತ್ತಿಗೆ ದಾಟಿತು ಎಂದು. ಖಾಲಿ ವಾಪಸ್ ಬಂದದ್ದನ್ನು ಊಹಿಸಲು ಇದು ಒಂದು ಸುಳಿವು. ಆದರೆ ಯುಲಿಪ್ ಅನ್ನು ಐಲೀಪ್‌ಗೆ ಬದಲಿ ಎಂದು ತಿಳಿಯಬೇಡಿ. ಯುಲಿಪ್ ನಿಮಗೆ ಕಚ್ಚಾ ವಿವರ ತಂದುಕೊಡುತ್ತದೆ. ಲೆಕ್ಕ ಮುಗಿದ ಮೇಲೆ ಕಸ್ಟಮರ್‌ಗೆ ಒಯ್ಯುವ ಅಚ್ಚು ಐಲೀಪ್.

ಇ-ವೇ ಬಿಲ್ಲನ್ನೇ ಆಧಾರ ಮಾಡಿಕೊಳ್ಳೋಣ ಎಂದು ಕೇಳುವವರೂ ಇದ್ದಾರೆ. ದೂರಕ್ಕೆ ಅದು ಪರವಾಗಿಲ್ಲ, ಪಿನ್‌ಕೋಡ್‌ನಿಂದ ಪಿನ್‌ಕೋಡ್‌ಗೆ ದೂರ ಅದರಲ್ಲೇ ಬರುತ್ತದೆ. ತೂಕಕ್ಕೆ ಕೈಕೊಡುತ್ತದೆ. ಬಿಡಿಭಾಗ ಸಾಗಿಸುವಾಗ ಪ್ರಮಾಣ ನಗಗಳ ಲೆಕ್ಕದಲ್ಲಿ ಇರುತ್ತದೆ, 400 ನಗ ಎಂದು. ಅದರಿಂದ ಟನ್ ಹೇಗೆ ತೆಗೆಯುವುದು? ಎಲ್‌ಆರ್‌ನಲ್ಲಿ ನಿಜವಾದ ತೂಕ ಬರೆಯುವ ಅಭ್ಯಾಸ ಬೇಕೇ ಬೇಕು. ವಾಲ್ಯೂಮ್ ಮೇಲೆ ಬಾಡಿಗೆ ಹಿಡಿಯುವವರು ಚಾರ್ಜ್ ಮಾಡುವ ತೂಕವನ್ನಷ್ಟೇ ಬರೆದು ನಿಜ ತೂಕ ಬಿಡುತ್ತಾರೆ. ಐಎಸ್‌ಒ ಕೇಳುವುದು ನಿಜ ತೂಕವನ್ನು.

ಹಾಗಾದರೆ ಯಾರಿಗೆ ಯಾವುದು?

ಹತ್ತು-ಹದಿನೈದು ಸ್ವಂತ ಗಾಡಿ, ಒಂದೆರಡು ದೊಡ್ಡ ಕಸ್ಟಮರ್ ಇದ್ದರೆ ಎಕ್ಸೆಲ್‌ನಲ್ಲೇ ಇರಿ. ಶೀಟನ್ನು ಮಾತ್ರ ಐಲೀಪ್‌ನ ಟಿಒಸಿ ಅಚ್ಚಿನಲ್ಲಿ ಮಾಡಿ. ಗುಂಪಿನ ಹೆಸರು ಮತ್ತು ವಿವರ, ಸಾಗಣೆಯ ವಿಧ, ಇಂಧನ, ಸರಾಸರಿ ಲೋಡ್ ಎಷ್ಟು ತುಂಬಿತ್ತು, ಖಾಲಿ ಓಟದ ಪಾಲು ಎಷ್ಟು, ತಂಪು ಗಾಡಿಯೋ ಅಲ್ಲವೋ, ಟನ್-ಕಿಮೀಗೆ ಬಾವಿಯಿಂದ ಚಕ್ರದ ತನಕದ ಅಂಕಿ, ಬರೀ ಟ್ಯಾಂಕಿನಿಂದ ಚಕ್ರದ ತನಕದ ಅಂಕಿ, ಯಾವ ವರ್ಷದ್ದು, ಪರಿಶೀಲನೆ ಆಗಿದೆಯೋ ಇಲ್ಲವೋ. ಇಷ್ಟೇ ಕಾಲಂ. ನಾಳೆ ಎಪಿಐಗೆ ಹೋದರೂ ಈ ಕಾಲಂಗಳೇ ಹೋಗುತ್ತವೆ, ಹೊಸದಾಗಿ ಏನೂ ಮಾಡಬೇಕಾಗಿಲ್ಲ.

ಮೂವತ್ತು-ನಲವತ್ತು ಗಾಡಿ, ಜಿಪಿಎಸ್, ಟ್ರಿಪ್ ಸಾಫ್ಟ್‌ವೇರ್ ಎಲ್ಲ ಇದ್ದರೆ ಗುಂಪಿನ ಅಂಕಿಯನ್ನು ಸಾಫ್ಟ್‌ವೇರ್‌ನಿಂದಲೇ ತೆಗೆಸಿ. ಮೂರನೇ ಕಸ್ಟಮರ್ ಕೂಡ ಕೇಳಲು ಶುರು ಮಾಡಿದ ಮೇಲೆ ಎಪಿಐಗೆ ಹೋಗಿ, ಅದಕ್ಕೆ ಮೊದಲು ಬೇಡ. ಸಾಫ್ಟ್‌ವೇರ್‌ನವರು ನಮ್ಮದೂ ಇದೆ ಎಂದರೆ ಸುಮ್ನೆ ಒಪ್ಪಬೇಡಿ. ಪ್ಯಾಕ್ಟ್‌ಗೆ ಹೊಂದಿಕೆಯ ಪರೀಕ್ಷೆ ಎಂಬುದೇ ಇದೆ. ಅದು ಪಾಸಾಗಿದೆಯಾ, ಐಲೀಪ್‌ನ ಯಾವ ಭಾಗ ಬರುತ್ತದೆ, ನಮ್ಮ ಡೇಟಾವನ್ನು ನಾಳೆ ಬೇರೆ ಸಾಫ್ಟ್‌ವೇರ್‌ಗೆ ಒಯ್ಯಬಹುದಾ ಎಂದು ಕೇಳಿ. ಮೂರನೇ ಪ್ರಶ್ನೆಗೆ ತಡವರಿಸಿದರೆ ಬೇರೆಯವರನ್ನು ನೋಡಿ.

ಫ್ರೈಟ್ ಫಾರ್ವರ್ಡರ್‌ಗಳಿಗೆ, ಅಂಧೇರಿ ಮತ್ತು ವಾಶಿಯಲ್ಲಿ ಇಂಥ ಆಫೀಸು ನಡೆಸುವ ನಮ್ಮವರೂ ಇದ್ದಾರೆ, ನನ್ನ ಸಲಹೆ ಬೇರೆ. ನೀವು ಗಾಡಿ, ಸಿಎಫ್‌ಎಸ್, ಹಡಗು, ಆ ಕಡೆಯ ಬಂದರು, ಮತ್ತೆ ಗಾಡಿ, ಎಲ್ಲವನ್ನೂ ಒಂದು ಸರಪಳಿಯಾಗಿ ಹೊಲಿಯಬೇಕು. ಹಡಗಿಗೆ ಕಂಟೇನರ್ ಹಡಗು ಕಂಪನಿಗಳು ಮತ್ತು ಅವುಗಳ ಗ್ರಾಹಕರ ಕೂಟವಾದ ಕ್ಲೀನ್ ಕಾರ್ಗೋದವರು ವ್ಯಾಪಾರದ ದಾರಿಗೊಂದರಂತೆ ಸರಾಸರಿ ಅಂಕಿ ಕೊಡುತ್ತಾರೆ. ವಿಮಾನಕ್ಕೆ ವಿಮಾನ ಕಂಪನಿಗಳ ಸಂಘ ಐಎಟಿಎದ ಲೆಕ್ಕದ ವಿಧಾನ ಇದೆ, ಡೇಟಾ ಹಂಚಲು ಒನ್ ರೆಕಾರ್ಡ್ ಎಂಬ ಅದರದೇ ಅಚ್ಚು ಇದೆ. ಗಾಡಿಯದು ಪುಣೆಯ ಟ್ರಾನ್ಸ್‌ಪೋರ್ಟಿನವರಿಂದ ಬರಬೇಕು. ಇಷ್ಟನ್ನು ಮೇಲ್‌ನಲ್ಲಿ ಹೊಲಿಯಲು ಹೋದರೆ ತಿಂಗಳ ಕೊನೆಗೆ ಯಾವ ಅಂಕಿ ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಎಪಿಐಗೆ ಮೊದಲು ದುಡ್ಡು ಹಾಕಬೇಕಾದವರು ನೀವು. ನಿಮ್ಮ ಜೊತೆ ಓಡುವ ಚಿಕ್ಕ ಟ್ರಾನ್ಸ್‌ಪೋರ್ಟಿನವರಿಗೂ ಅದೇ ಎಕ್ಸೆಲ್ ಅಚ್ಚನ್ನು ಕೊಡಿ. ಅವರಿಗೆ ಸರ್ವರ್ ಬೇಡ, ಒಂದು ಸರಿಯಾದ ಶೀಟ್ ಸಾಕು. ಈ ಒಂದು ಕೆಲಸ ಮಾಡಿದರೆ ಹತ್ತು ಚಿಕ್ಕ ಮಾಲೀಕರಿಗೆ ಹತ್ತು ಪೋರ್ಟಲ್‌ನ ತಲೆನೋವು ತಪ್ಪುತ್ತದೆ.

ಭಿವಂಡಿಯಲ್ಲಿ ಗೋದಾಮು ನಡೆಸುವವರಿಗೆ ಕೆಲಸ ಹಗುರ. ವರ್ಷದ ಕರೆಂಟ್ ಬಿಲ್, ಜನರೇಟರ್ ಮತ್ತು ಫೋರ್ಕ್‌ಲಿಫ್ಟಿನ ಇಂಧನ, ಒಳಗೆ ಬಂದು ಹೊರಗೆ ಹೋದ ಟನ್. ಇವುಗಳಿಂದ ಟನ್‌ಗೆ ಇಷ್ಟು ಎಂದು ಒಂದು ಅಂಕಿ.

ಶುರು ಮಾಡುವುದಾದರೆ ಏಪ್ರಿಲ್ 1ರಿಂದ ಮಾಡಿ, ಕಂಪನಿಗಳ ವರದಿಯ ವರ್ಷ ಅದೇ. ಆ ದಿನ ಪ್ರತಿ ಗಾಡಿಯ ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಕಿಮೀ ಬರೆದಿಡಿ. ಮಾರ್ಚ್ 31ರಂದು ಮತ್ತೆ ಹಾಗೇ ಮಾಡಿ. ಟ್ರಿಪ್ ಶೀಟಿನಲ್ಲಿ ಲೋಡ್ ಕಿಮೀಗೆ ಒಂದು ಕಾಲಂ, ಖಾಲಿ ಕಿಮೀಗೆ ಒಂದು ಕಾಲಂ ಬೇರೆ ಬೇರೆ ಇಡಿ. ಖಾಲಿ ಬಂದದ್ದನ್ನು ಬರೆದರೆ ಮಾಲೀಕರು ಬೈಯುತ್ತಾರೆ ಎಂದು ಡ್ರೈವರ್‌ಗಳು ಆ ಕಾಲಂ ಬಿಡುತ್ತಾರೆ. ಬೈಯುವುದಿಲ್ಲ ಎಂದು ಮೊದಲೇ ಹೇಳಿ.